ಪಾಯಿಂಟರ್ ಅರ್ಥ ಆಗ್ಬೇಕಾ? ಒಂದು ಹಳೇ ಗೇಮ್‌ಗೆ ಕನ್ನಡ ಕಲಿಸಿ

ನಾವು ಪ್ರೋಗ್ರಾಮಿಂಗ್ ಕಲಿಯೋ ರೀತಿ ಎಲ್ಲರಿಗೂ ಗೊತ್ತು. ಫಿಬೊನಾಚಿ, ಪ್ಯಾಲಿಂಡ್ರೋಮ್, ಬಬಲ್ ಸಾರ್ಟ್. ರೆಕಾರ್ಡ್ ಬರೆದು, ವೈವಾ ಮುಗಿಸಿ, ಮರೆತುಬಿಡೋದು. ಆ ಪ್ರೋಗ್ರಾಮ್ ರನ್ ಆದ್ರೂ ಆಗದಿದ್ರೂ ಹೊಸಪೇಟೆಯಲ್ಲಿ ಯಾರಿಗೂ ಏನೂ ಆಗಲ್ಲ. ತೊಂದರೆ ಇರೋದೇ ಅಲ್ಲಿ. ಕೋಡಿಂಗ್ ಬರಬೇಕು ಅಂದ್ರೆ ಮೊದಲು ಕೋಡ್ ಇಲ್ಲದೆ ತೀರದ ಒಂದು ಆಸೆ ಬೇಕು.

ಜಪಾನಿನ ಹಳೇ ವಿಡಿಯೋ ಗೇಮ್‌ಗಳನ್ನು ಅನುವಾದ ಮಾಡಿದವರಿಗೆ ಆ ಆಸೆ ಇತ್ತು. ನಿಂಟೆಂಡೊದ ‘ಮದರ್ 3’ 2006ರಲ್ಲಿ ಜಪಾನಿನಲ್ಲಿ ಮಾತ್ರ ಬಂತು. ಕಂಪನಿ ಅದನ್ನ ಇಂಗ್ಲಿಷಿಗೆ ತರಲಿಲ್ಲ. 2008ರಲ್ಲಿ ಅಭಿಮಾನಿಗಳೇ ಸೇರಿ ತಂದರು. ನಮ್ಮಲ್ಲೂ 1998ರಲ್ಲಿ ಶೇಷಾದ್ರಿವಾಸು ಅವರು ಕನ್ನಡ ಟೈಪ್ ಮಾಡೋಕೆ ‘ಬರಹ’ ತಂತ್ರಾಂಶ ತಂದದ್ದು ಇಂಥದ್ದೇ ಆಸೆಯಿಂದ ಅನ್ಸುತ್ತೆ.

ಈ ಕೆಲಸದಲ್ಲಿ ಭಾಷೆಗಿಂತ ಮೊದಲು ಎದುರಾಗೋದು ಬೈಟ್‌ಗಳು. 1983ರಲ್ಲಿ ಬಂದ ಫ್ಯಾಮಿಕಾಮ್‌ನ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಒಂದೊಂದು ಬೈಟ್ ಅಂದ್ರೆ ಒಂದು ಚಿತ್ರದ ತುಂಡಿನ, ಅಂದ್ರೆ ಟೈಲ್‌ನ ನಂಬರ್. ಯಾವ ನಂಬರ್ ಯಾವ ಅಕ್ಷರ ಅಂತ ನಾವೇ ಪತ್ತೆಹಚ್ಚಬೇಕು. ಅನುವಾದ ಎರಡೇ ಬೈಟ್ ಉದ್ದ ಆದ್ರೂ ಮುಂದಿನ ಮಾತುಗಳ ವಿಳಾಸ ಎಲ್ಲಾ ಸರಿದು ಹೋಗುತ್ತೆ. ರಾಜನ ಬಾಯಲ್ಲಿ ಅರ್ಧ ಅಂಗಡಿಯವನ ಮಾತು ಬಂದಾಗ ಪಾಯಿಂಟರ್ ಅಂದ್ರೇನು ಅಂತ ಯಾರೂ ಬೋರ್ಡ್ ಮೇಲೆ ಬರೆದು ತೋರಿಸಬೇಕಿಲ್ಲ.

ಕನ್ನಡಕ್ಕೆ ತರೋದಾದ್ರೆ ಸವಾಲು ಇನ್ನೂ ಮಜಾ. ಫ್ಯಾಮಿಕಾಮ್ ಟೈಲ್ 8×8 ಪಿಕ್ಸೆಲ್. ಹಿನ್ನೆಲೆಗೆ ಒಂದು ಸಲಕ್ಕೆ ಸಿಗೋ ಪಟ್ಟಿಯಲ್ಲಿ 256 ಟೈಲ್. ನಮ್ಮ 34 ವ್ಯಂಜನಗಳ ಕಾಗುಣಿತ ಬರೆದ್ರೇ 400 ದಾಟುತ್ತೆ, ಒತ್ತಕ್ಷರ ಬೇರೆ. ಹಾಗಾಗಿ ಹಳೇ ಟೈಪ್‌ರೈಟರ್ ಥರ ಅಕ್ಷರ, ಒತ್ತು ಎರಡನ್ನೂ ಬಿಡಿಸಿ ಜೋಡಿಸಬೇಕು. ಇವತ್ತಿನ ಪೈಥಾನ್‌ನಲ್ಲೂ ‘ಕಂಪ್ಲಿ’ ಉದ್ದ ಎಷ್ಟು ಅಂತ ಕೇಳಿ ನೋಡಿ. ಕಣ್ಣಿಗೆ ಎರಡು ಅಕ್ಷರ, ಪೈಥಾನ್‌ಗೆ 6, ಯುಟಿಎಫ್-8ರಲ್ಲಿ 18 ಬೈಟ್. ನಮ್ಮ ಲ್ಯಾಬಿನ ಪ್ಯಾಲಿಂಡ್ರೋಮ್ ಪ್ರೋಗ್ರಾಮ್‌ಗೆ ಕನ್ನಡ ಪದ ಕೊಟ್ಟು ತಿರುಗಿಸಿದ್ರೆ ಒತ್ತು, ಗುಣಿತ ಎಲ್ಲಾ ಚೆಲ್ಲಾಪಿಲ್ಲಿ!

ಜಪಾನಿ ಗೊತ್ತಿಲ್ವಲ್ಲ ಅಂತೀರಾ? ‘ವತಾಶಿ ವಾ ಹಂಪಿ ನಿ ಇಕಿಮಾಶಿತಾ’ ಅಂದ್ರೆ ‘ನಾನು ಹಂಪಿಗೆ ಹೋದೆ’. ಪದಗಳ ಸಾಲು ನಮ್ಮದೇ. ‘ನಿ’ ಮಾಡೋ ಕೆಲಸ ನಮ್ಮ ‘ಗೆ’ದು. ಅವರಲ್ಲೂ ಗೌರವಕ್ಕೆ ತಕ್ಕಂತೆ ಮಾತು ಬದಲಾಗುತ್ತೆ. ಇಂಗ್ಲಿಷ್ ‘ಯೂ’ನಲ್ಲಿ ಕಳೆದುಹೋಗೋದು ನಮ್ಮ ನೀನು, ನೀವು, ತಾವುಗಳಲ್ಲಿ ಉಳಿಯುತ್ತೆ. ಗೇಮ್‌ನ ಅಂಗಡಿಯವನು ಸಂಡೂರು ಸಂತೆಯವರ ಥರ ‘ಏನ್ ಬೇಕ್ರಿ?’ ಅಂದ್ರೆ ಎಷ್ಟು ಚೆಂದ! ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಆದ್ರೂ ಆ ಸಾಲು ಇಂಗ್ಲಿಷಿನಲ್ಲಿ ನನಗೆ ಹೊಳೆಯಲ್ಲ.

ಪ್ಲೇಸ್‌ಮೆಂಟ್‌ನಲ್ಲಿ ಇದನ್ನ ಯಾರು ಕೇಳ್ತಾರೆ ಅನ್ನೋದು ನ್ಯಾಯವಾದ ಪ್ರಶ್ನೆ. ಗೇಮ್ ಬಗ್ಗೆ ಕೇಳದೇ ಇರಬಹುದು. ಆದ್ರೆ ಮೆಮೊರಿ, ಎನ್‌ಕೋಡಿಂಗ್, ಡೀಬಗ್ಗಿಂಗ್ ಬಗ್ಗೆ ಕೇಳಿದಾಗ ಬಾಯಿಪಾಠ ಒಪ್ಪಿಸದೆ ಮಾಡಿದ್ದನ್ನ ಹೇಳಬಹುದು. ಕಾಪಿರೈಟ್ ಪ್ರಶ್ನೆ ಇನ್ನೂ ದೊಡ್ಡದು. ಬೇರೆಯವರ ಗೇಮ್ ಹಂಚೋದು ತಪ್ಪು, ಅನುವಾದದ ಹಕ್ಕೂ ಅವರದೇ. ಆದ್ದರಿಂದ ಮುಕ್ತ ತಂತ್ರಾಂಶದ ಗೇಮ್‌ನಿಂದ ಶುರು ಮಾಡೋಣ. ‘ಬ್ಯಾಟಲ್ ಫಾರ್ ವೆಸ್ನಾತ್’ ಅಂಥದ್ದು. ಅದರ ಮಾತುಗಳೆಲ್ಲ ಅನುವಾದಕ್ಕೆ ಅಂತಲೇ ಬೇರೆ ಫೈಲ್‌ಗಳಲ್ಲಿವೆ.

ಕನ್ನಡ ಶಾಲೆಯ ಮಕ್ಕಳು ಗೇಮ್‌ನಲ್ಲಿ ಮಾತು ಬಂದ ತಕ್ಷಣ ಬಟನ್ ಒತ್ತಿ ಮುಂದೆ ಓಡ್ತಾರೆ, ಕಥೆ ಅಲ್ಲೇ ಉಳಿಯುತ್ತೆ. ಈ ಸೆಮಿಸ್ಟರ್‌ನಲ್ಲಿ ನಮ್ಮ ಸಂಘ ಒಂದೇ ಒಂದು ಅಧ್ಯಾಯ ಕನ್ನಡ ಮಾಡಲಿ. ನಾಲ್ಕು ಜನ ಸಾಕು. ಆಮೇಲೆ ಕಂಪ್ಲಿಯ ಒಬ್ಬ ಐದನೇ ಕ್ಲಾಸ್ ಹುಡುಗನ ಕೈಗೆ ಕೊಟ್ಟು ನೋಡೋಣ. ಅವನು ನಿಂತು ಓದಿದ್ರೆ ನಮ್ಮ ಪ್ರೋಗ್ರಾಮ್ ರನ್ ಆದ ಹಾಗೆ.