ತೂಕ ಇಳಿಸುವ ಮೊದಲು ಬೋಧನೆಯನ್ನು ತೂಗಿ

ಗ್ವೆನ್ ಶ್ಯಾಂಬ್ಲಿನ್ ಅವರ ಹೆಸರನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಅಮೆರಿಕದ ಟೆನೆಸಿ ರಾಜ್ಯದವರು, ಆಹಾರಶಾಸ್ತ್ರ ಓದಿದವರು. ತೂಕ ಇಳಿಸಿಕೊಳ್ಳಬೇಕೆನ್ನುವವರಿಗಾಗಿ 1986ರಲ್ಲಿ ‘ವೇ ಡೌನ್ ವರ್ಕ್‌ಶಾಪ್’ ಎಂಬ ತರಗತಿ ಆರಂಭಿಸಿದರು. ಬೈಬಲ್ ಓದು, ಪ್ರಾರ್ಥನೆ, ವಿಡಿಯೋ ಪಾಠ, ಎಲ್ಲ ಸೇರಿದ ತರಗತಿ. 1990ರ ದಶಕದಲ್ಲಿ ಅದು ಸಾವಿರಾರು ಚರ್ಚುಗಳಿಗೆ ಹಬ್ಬಿತು. 1997ರಲ್ಲಿ ಬಂದ ಅವರ ಪುಸ್ತಕ ‘ದಿ ವೇ ಡೌನ್ ಡಯಟ್’ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು.

ಅವರ ವಿಧಾನ ಬಹಳ ಸರಳ. ಕ್ಯಾಲರಿ ಲೆಕ್ಕವಿಲ್ಲ, ಪಥ್ಯವಿಲ್ಲ, ಇದು ವರ್ಜ್ಯ ಅದು ವರ್ಜ್ಯ ಎಂಬ ಪಟ್ಟಿಯಿಲ್ಲ. ಹೊಟ್ಟೆ ನಿಜವಾಗಿ ಚುರುಗುಟ್ಟಿದಾಗ ಮಾತ್ರ ತಿನ್ನಿ, ಹಸಿವು ತಣಿದ ಕೂಡಲೇ ನಿಲ್ಲಿಸಿ. ಆಮೇಲೂ ಏನೋ ಬೇಕು ಅನಿಸಿದರೆ ಅದು ಹೊಟ್ಟೆಯ ಹಸಿವಲ್ಲ, ಅದನ್ನು ದೇವರ ಬಳಿ ಒಯ್ಯಿರಿ. ರಾತ್ರಿ ಹನ್ನೊಂದಕ್ಕೆ ಫ್ರಿಜ್ ಬಾಗಿಲು ತೆರೆದು ಸುಮ್ಮನೆ ನಿಂತ ಅನುಭವ ಇರುವವರಿಗೆಲ್ಲ ಈ ಮಾತು ನಾಟುತ್ತದೆ. ನನಗೂ ನಾಟಿತು.

ಪುಣೆಯಲ್ಲಿರುವ ನನ್ನ ನಾದಿನಿಗೆ ಈ ಪುಸ್ತಕದ ಹಳೆಯ ಪ್ರತಿಯೊಂದನ್ನು ಅವಳ ಗೆಳತಿ ಅಮೆರಿಕದಿಂದ ತಂದುಕೊಟ್ಟಿದ್ದಳು. ನಮ್ಮದು ಮಂಗಳೂರು ಕಡೆಯ ಬಾಸೆಲ್ ಮಿಷನ್ ಮನೆತನ. ಪುಸ್ತಕ ಕ್ರೈಸ್ತರದ್ದು ಎಂದ ಕೂಡಲೇ ಅರ್ಧ ನಂಬಿಕೆ ತಾನಾಗಿ ಬಂದುಬಿಡುತ್ತದೆ. ಈ ಲೇಖಕಿಯ ಬೋಧನೆ ಏನು ಎಂದು ಸ್ವಲ್ಪ ನೋಡಬಾರದೇ ಎಂದು ಕೇಳಿದೆ. “ಅತ್ತಿಗೆ, ಅವಳ ಸಿದ್ಧಾಂತ ಕಟ್ಟಿಕೊಂಡು ನನಗೇನಾಗಬೇಕು? ಮೀನು ತಿಂದು ಮುಳ್ಳು ಬಿಟ್ಟರಾಯಿತು” ಅಂದಳು.

ಬಂಗುಡೆಯಾದರೆ ಸರಿ. ನಡುಮುಳ್ಳು ಹಿಡಿದು ಎಳೆದರೆ ಹೆಚ್ಚುಕಡಿಮೆ ಪೂರ್ತಿ ಬರುತ್ತದೆ. ಕೆಲವು ಹೊಳೆಮೀನುಗಳಲ್ಲಿ ಹಾಗಲ್ಲ. ಕೂದಲಿನಂಥ ಮುಳ್ಳು ಮಾಂಸದ ಒಳಗೇ ಹರಡಿಕೊಂಡಿರುತ್ತದೆ, ಗಂಟಲಿಗೆ ಸಿಕ್ಕಿದ ಮೇಲೇ ಗೊತ್ತಾಗುವುದು. ಈ ಪುಸ್ತಕ ಎರಡರಲ್ಲಿ ಯಾವುದು ಎನ್ನುವುದೇ ನನ್ನ ಪ್ರಶ್ನೆಯಾಗಿತ್ತು.

ಶ್ಯಾಂಬ್ಲಿನ್ 1999ರಲ್ಲಿ ‘ರೆಮ್ನಂಟ್ ಫೆಲೋಶಿಪ್’ ಎಂಬ ತಮ್ಮದೇ ಸಭೆ ಕಟ್ಟಿದರು. ಮರುವರ್ಷ, 2000ದಲ್ಲಿ, ತ್ರಯೇಕ ದೇವರ ಬೋಧನೆಯನ್ನು ತಾವು ಒಪ್ಪುವುದಿಲ್ಲ ಎಂದು ತಮ್ಮ ಅನುಯಾಯಿಗಳಿಗೆ ಬರೆದರು. ತಂದೆಯೇ ಎಲ್ಲರ ಮೇಲಿನ ಅಧಿಕಾರಿ, ಮಗನು ಆತನಿಗೆ ಅಧೀನ, ಇಬ್ಬರೂ ಸಮಾನರು ಅಂದರೆ ಯಾರ ಮಾತು ಕೇಳಬೇಕೆಂದು ಜನರಿಗೆ ಗೊಂದಲವಾಗುತ್ತದೆ ಎಂಬುದು ಅವರ ವಾದದ ತಿರುಳು. ಥಾಮಸ್ ನೆಲ್ಸನ್ ಪ್ರಕಾಶನ ಅವರ ಮುಂದಿನ ಪುಸ್ತಕವನ್ನು ಕೈಬಿಟ್ಟಿತು. ಹಲವು ಚರ್ಚುಗಳು ತರಗತಿ ನಿಲ್ಲಿಸಿದವು. ಆಗ ಅಲ್ಲಿನ ಅನೇಕರೂ ನನ್ನ ನಾದಿನಿಯಂತೆಯೇ ಕೇಳಿದರು: ಊಟಕ್ಕೂ ತ್ರಿತ್ವಕ್ಕೂ ಏನು ಸಂಬಂಧ?

(ಇದು ಕ್ರೈಸ್ತರ ಮನೆಯೊಳಗಿನ ಜಗಳ ಎಂದು ಉಳಿದವರು ಪುಟ ಮಗುಚಬೇಡಿ. ಉಸಿರಾಟದ ಶಿಬಿರಕ್ಕೆಂದು ಹೋಗಿ ಗುರುಗಳ ಫೋಟೋ ಹಿಡಿದು ಬಂದವರು ನಿಮ್ಮ ಸೊಸೈಟಿಯಲ್ಲೂ ಇದ್ದಾರು.)

ಸಂಬಂಧ ಇದೆ, ಅದೂ ನೇರವಾಗಿ. ಮಗನು ತಂದೆಗೆ ಸಮಾನನೇ ಎಂಬ ಪ್ರಶ್ನೆ ಹೊಸದಲ್ಲ. 325ರಲ್ಲಿ ನಿಸೆಯಾದಲ್ಲಿ ಸೇರಿದ ಬಿಷಪ್ಪರು ಇದನ್ನೇ ಚರ್ಚಿಸಿ, ಸಮಾನನು ಎಂದು ತೀರ್ಮಾನಿಸಿದರು. ಅವರಿಗೆ ಬೇರೆ ಕೆಲಸವಿರಲಿಲ್ಲವೇ ಎಂದು ಕನ್ಫರ್ಮೇಶನ್ ತರಗತಿಯಲ್ಲಿ ನಮಗೆಲ್ಲ ಅನಿಸುತ್ತಿತ್ತು. ಆದರೆ ನೋಡಿ. ಬಿದ್ದವರನ್ನು ಎತ್ತಲು ದೇವರೇ ಇಳಿದು ಬಂದ ಎಂದು ನಂಬುವವಳು ಸೋತಾಗ ಕೃಪೆಯ ಕಡೆ ತಿರುಗುತ್ತಾಳೆ. ದೇವರು ಮೇಲೆಯೇ ಕುಳಿತಿದ್ದಾನೆ, ವಿಧೇಯನಾಗಿರುವುದು ಹೇಗೆಂದು ತೋರಿಸಲು ಒಬ್ಬ ಮಾದರಿಯನ್ನು ಕಳಿಸಿದ್ದಾನೆ ಎಂದು ನಂಬುವವಳಿಗೆ ಸೋತಾಗ ಉಳಿಯುವುದು ಒಂದೇ: ಇನ್ನಷ್ಟು ವಿಧೇಯತೆ. ಶ್ಯಾಂಬ್ಲಿನ್ ಅವರ ಪಾಠದಲ್ಲಿ ಅತಿಯಾಗಿ ತಿನ್ನುವುದು ಅಭ್ಯಾಸದ ದೋಷವಲ್ಲ, ಕಾಯಿಲೆಯೂ ಅಲ್ಲ, ಪಾಪ, ಅವಿಧೇಯತೆ. ಹಾಗಾದರೆ ಇಳಿಯದ ಸೊಂಟ ಎಲ್ಲರ ಕಣ್ಣಿಗೂ ಕಾಣುವ ಅವಿಧೇಯತೆಯ ಗುರುತು. ಥೈರಾಯ್ಡ್, ಮೂರು ಹೆರಿಗೆ, ಮುಟ್ಟು ನಿಲ್ಲುವ ವಯಸ್ಸು, ಇವಕ್ಕೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಆ ಸಭೆ ಬಿಟ್ಟು ಬಂದವರು 2021ರ ‘ದಿ ವೇ ಡೌನ್’ ಎಂಬ ಸಾಕ್ಷ್ಯಚಿತ್ರದಲ್ಲಿ ಮಾತಾಡಿದ್ದಾರೆ. ಅಲ್ಲಿ ಮೈಯ ತೂಕವನ್ನೇ ಆತ್ಮದ ಸ್ಥಿತಿ ಎಂದು ಓದುತ್ತಿದ್ದರಂತೆ.

ಅಂದರೆ ಮುಳ್ಳು ಬದಿಗಿರಲಿಲ್ಲ, ಮಾಂಸದಲ್ಲೇ ಇತ್ತು. ತ್ರಿತ್ವದ ಬಗ್ಗೆ ಅವರು ಬರೆದದ್ದು 2000ದಲ್ಲಿ, ಆದರೆ ಆ ವಿಧೇಯತೆಯ ದೇವರು ತರಗತಿಯ ಪಾಠದಲ್ಲಿ ಮೊದಲೇ ಕುಳಿತಿದ್ದ. ಜನರಿಗೆ ಕಂಡದ್ದು ತಡವಾಗಿ.

ಶ್ಯಾಂಬ್ಲಿನ್ 2021ರ ಮೇ 29ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಪತಿ ಸೇರಿ ಒಟ್ಟು 7 ಜನ ಸತ್ತರು. ಇದು ತಪ್ಪು ಬೋಧನೆಗೆ ದೇವರು ಕೊಟ್ಟ ಶಿಕ್ಷೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮೈಗೆ ಆಗುವುದನ್ನೆಲ್ಲ ವಿಧೇಯತೆಯ ಖಾತೆಗೆ ಬರೆಯುವ ಲೆಕ್ಕ ಅದು, ಅವರದೇ ಲೆಕ್ಕ.

ನಾದಿನಿಯ ವಿಷಯದಲ್ಲಿ ಇದು ಬರೀ ಚರ್ಚೆಯಾಗಿ ಉಳಿಯಲಿಲ್ಲ. ಅವಳಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಅವಳು ತೆಗೆದುಕೊಳ್ಳುವ ಮಾತ್ರೆ ನುಂಗಿ ಹೊಟ್ಟೆ ಚುರುಗುಟ್ಟುವವರೆಗೆ ಕಾಯುತ್ತ ಕುಳಿತರೆ ಸಕ್ಕರೆ ಇಳಿದು ಕೈ ನಡುಗಿ, ಬೆವರಿ, ತಲೆ ತಿರುಗಬಹುದು. ಊಟದ ಹೊತ್ತು ತಪ್ಪಿಸಬೇಡಿ ಎಂದು ಅವಳ ಡಾಕ್ಟರು ಹೇಳಿದ್ದಾರೆ. ಊಟದ ನಿಯಮ ಬರೀ ಆರೋಗ್ಯದ ಸಲಹೆಯಾಗಿದ್ದರೆ ಡಾಕ್ಟರ ಮಾತಿಗೆ ತಕ್ಕಂತೆ ಬದಲಿಸಿಕೊಳ್ಳಬಹುದಿತ್ತು. ಅದು ದೇವರ ಆಜ್ಞೆಯ ವೇಷದಲ್ಲಿ ಬಂದಾಗ, ಹಸಿವಿಲ್ಲದೆ ತಿಂದ ಒಂದು ತುತ್ತು ಇಡ್ಲಿಯೂ ತಪ್ಪೊಪ್ಪಿಗೆಯ ವಿಷಯವಾಗುತ್ತದೆ. ಪುಸ್ತಕ ಓದಲು ಶುರು ಮಾಡಿದ ಎರಡನೇ ವಾರದಲ್ಲೇ ಅವಳು ಫೋನಿನಲ್ಲಿ, “ನಿನ್ನೆ ಬಿದ್ದುಬಿಟ್ಟೆ ಅತ್ತಿಗೆ” ಅಂದಿದ್ದಳು. ಕಾಲು ಜಾರಿತೇನೋ ಎಂದು ಗಾಬರಿಯಾದೆ. ಅವಳು ಹೇಳಿದ್ದು ಎರಡು ಗೋಳಿಬಜೆ ತಿಂದದ್ದರ ಬಗ್ಗೆ.

ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯದಲ್ಲಿ ಬೆರೋಯ ಊರಿನವರ ಕಥೆ ಇದೆ. ಬೋಧಿಸಲು ಬಂದವನು ಸಾಕ್ಷಾತ್ ಪೌಲ, ಆದರೂ ಅವನು ಹೇಳಿದ್ದು ಸರಿಯೇ ಎಂದು ಅವರು ದಿನದಿನವೂ ಗ್ರಂಥ ತೆಗೆದು ನೋಡಿದರು. ಅವರನ್ನು ಅಲ್ಲಿ ಬೈದಿಲ್ಲ, ಹೊಗಳಿದ್ದಾರೆ. ನಾದಿನಿಗೆ ಇದನ್ನು ನೆನಪಿಸಿ ಎರಡೇ ಕೆಲಸ ಮಾಡಲು ಹೇಳಿದೆ. ಪುಸ್ತಕದಲ್ಲಿ ಸೋತವಳಿಗೆ ಏನು ಹೇಳಿದ್ದಾರೆ ಎಂಬ ಭಾಗವನ್ನು ಮೊದಲು ಓದು. ಆಮೇಲೆ ಈ ಕ್ರಮವನ್ನು ಪ್ರಶ್ನಿಸಿದರೆ ಅದು ಬರೀ ಪ್ರಶ್ನೆಯೋ ಪಾಪವೋ ಎಂದು ಹುಡುಕು.

ಅವಳು ಓದಿದಳು, ಒಂದಿಷ್ಟು ಸಾಲುಗಳಿಗೆ ಪೆನ್ಸಿಲ್ ಗೆರೆ ಎಳೆದಳು. “ಆದರೂ ಹೊಟ್ಟೆ ತುಂಬಿದ ಮೇಲೆ ತಟ್ಟೆ ಸರಿಸಬೇಕು ಅನ್ನುವುದು ಸುಳ್ಳಲ್ಲವಲ್ಲ?” ಎಂದು ಕೇಳಿದಳು. ಸುಳ್ಳಲ್ಲ, ಆದರೆ ನಿನ್ನ ಅಮ್ಮ ಅದನ್ನು ದುಡ್ಡಿಲ್ಲದೆ ಹೇಳುತ್ತಿದ್ದರು ಅಂದೆ. ಈಗ ಡಾಕ್ಟರು ಕೊಟ್ಟ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಸಂಜೆ ಅರ್ಧ ತಾಸು ನಡೆಯುತ್ತಾಳೆ. ತೂಕ ಇನ್ನೂ ಅಷ್ಟಾಗಿ ಇಳಿದಿಲ್ಲ. ಪುಸ್ತಕವನ್ನು ಗೆಳತಿಗೆ ವಾಪಸು ಕೊಡುವಾಗ ಪೆನ್ಸಿಲ್ ಗೆರೆಗಳನ್ನು ಅಳಿಸಲಿಲ್ಲ.