ನೋಟರ್ ಡೇಮ್ ವಿಶ್ವವಿದ್ಯಾನಿಲಯದ ಬಾಗಿಲು

ಸಾಂಕ್ರಾಮಿಕ ಜಾಡ್ಯವು ಹಬ್ಬಿರುವಾಗ ವಿದ್ಯಾಲಯಗಳನ್ನು ತೆರೆಯಬಹುದೇ ಕೂಡದೇ ಎಂಬ ಪ್ರಶ್ನೆಯು 2020ನೆಯ ಇಸವಿಯಲ್ಲಿ ಲೋಕದ ನಾನಾ ದೇಶಗಳಲ್ಲಿ ಎದ್ದಿತು. ಅಮೆರಿಕಾ ಸಂಯುಕ್ತ ಸಂಸ್ಥಾನದ ಇಂಡಿಯಾನಾ ಪ್ರಾಂತದ ನೋಟರ್ ಡೇಮ್ ಎಂಬ ರೋಮನ್ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯವು ಅದಕ್ಕೆ ಕೊಟ್ಟ ಉತ್ತರವು ಈಗಲೂ ಪರಿಶೀಲನೆಗೆ ಯೋಗ್ಯವಾಗಿದೆ. ಏಕೆಂದರೆ ಇಂತಹ ಜಾಡ್ಯವು ಮತ್ತೆ ಬಾರದೆಂದು ಯಾರೂ ಮುಚ್ಚಳಿಕೆ ಬರೆದುಕೊಟ್ಟಿಲ್ಲ.

ಹೋಲಿ ಕ್ರಾಸ್ ಸಂಘದ ಪಾದ್ರಿಗಳು 1842ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ವಿದ್ಯೆಯೆಂದರೆ ಉಪನ್ಯಾಸ ಮಾತ್ರವಲ್ಲ. ವಿದ್ಯಾರ್ಥಿನಿಲಯಗಳಲ್ಲಿ ಒಟ್ಟಿಗೆ ವಾಸ, ಒಟ್ಟಿಗೆ ಊಟ, ನಿಲಯದಲ್ಲಿಯೇ ಪ್ರಾರ್ಥನಾಮಂದಿರ. ಗುರುಕುಲದ ಹೆಸರನ್ನು ಕೇಳಿಬಲ್ಲ ನಮ್ಮ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದಲೇ ಅಂದಿನ ಅಧ್ಯಕ್ಷರಾಗಿದ್ದ ಫಾದರ್ ಜಾನ್ ಜೆಂಕಿನ್ಸ್ ಅವರು ಬಾಗಿಲು ತೆರೆಯುವುದೇ ಸರಿಯೆಂದು 2020ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಹಿರಂಗವಾಗಿ ವಾದಿಸಿದರು. ಅಪಾಯವೆಷ್ಟೆಂಬುದನ್ನು ವಿಜ್ಞಾನವು ಹೇಳಬಲ್ಲದು. ಯಾವುದಕ್ಕಾಗಿ ಆ ಅಪಾಯವನ್ನು ಸಹಿಸಬೇಕೆಂಬುದು ನೀತಿಯ ಪ್ರಶ್ನೆ, ಎಂಬುದು ಅವರ ವಾದದ ತಿರುಳು. ಇದನ್ನು ನಾವು ಒಪ್ಪುತ್ತೇವೆ. ಆದರೆ ನೀತಿಯ ಪ್ರಶ್ನೆಯೆಂದ ಮೇಲೆ, ಅಪಾಯವನ್ನು ಹೊರುವವರು ಯಾರೆಂದು ಮೊದಲು ಕೇಳಬೇಕು. ಇಪ್ಪತ್ತರ ತರುಣನಿಗೆ ನಾಲ್ಕು ದಿನದ ಜ್ವರವಾಗಿ ಹೋಗಬಹುದಾದುದು ಅವನಿಗೆ ಅನ್ನ ಬಡಿಸುವ ವೃದ್ಧೆಗೆ, ಕೊಠಡಿ ಗುಡಿಸುವ ಆಳಿಗೆ, ಅರುವತ್ತು ದಾಟಿದ ಅಧ್ಯಾಪಕನಿಗೆ ಪ್ರಾಣಾಂತಿಕವಾಗಬಹುದು. ಧೈರ್ಯವು ಒಬ್ಬರದು, ಹರಣವು ಇನ್ನೊಬ್ಬರದು ಎಂದಾಗಬಾರದಷ್ಟೆ!

ಸಿದ್ಧತೆಯು ಅಲ್ಪವಾಗಿರಲಿಲ್ಲ. ಪಾಠಗಳನ್ನು ಎರಡು ವಾರ ಮುಂಚಿತವಾಗಿ ಆರಂಭಿಸಿ, ನಡುವಿನ ರಜೆಯನ್ನು ಕಿತ್ತುಹಾಕಿ, ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊದಲೇ ಅವಧಿಯನ್ನು ಮುಗಿಸುವಂತೆ ಏರ್ಪಡಿಸಿದರು. ಮುಖವಸ್ತ್ರ ಕಡ್ಡಾಯವಾಯಿತು. ಬರುವ ಮುನ್ನ ಸುಮಾರು 12 ಸಾವಿರ ವಿದ್ಯಾರ್ಥಿಗಳನ್ನು ಪರೀಕ್ಷಿಸಲಾಗಿ 33 ಮಂದಿಯಲ್ಲಿ ಮಾತ್ರ ಸೋಂಕು ಕಂಡಿತು. ಆಗಸ್ಟ್ ತಾ. 10ರಂದು ತರಗತಿಗಳು ಪ್ರಾರಂಭವಾದವು. ತಾ. 18ರ ಹೊತ್ತಿಗೆ ಸೋಂಕಿತರ ಸಂಖ್ಯೆಯು 147ಕ್ಕೆ ಏರಿತ್ತು! ಆವರಣದ ಹೊರಗೆ ಮುಖವಸ್ತ್ರವಿಲ್ಲದೆ ನೆರೆದ ವಿನೋದಕೂಟಗಳೇ ಇದಕ್ಕೆ ಮುಖ್ಯ ಕಾರಣವೆಂದು ಅಧಿಕಾರಿಗಳು ತಿಳಿಸಿದರು.

ಹುಡುಗರನ್ನು ದೂರುವುದು ಸುಲಭ. ಆದರೆ ಹೆಬ್ಬಾಗಿಲಲ್ಲಿ ಎಣಿಸಿ ಒಳಕ್ಕೆ ಬಿಟ್ಟು, ಒಳಗಾದ ಮೇಲೆ ರೋಗಲಕ್ಷಣವಿಲ್ಲದವರನ್ನೂ ಕ್ರಮವಾಗಿ ಪರೀಕ್ಷಿಸುವ ಏರ್ಪಾಡನ್ನು ಸಾಕಷ್ಟು ಮಾಡದಿದ್ದುದು ಹುಡುಗರ ತಪ್ಪಲ್ಲ. ಈ ಜಾಡ್ಯವು ಕೆಮ್ಮು ಜ್ವರಗಳು ಕಾಣಿಸುವುದಕ್ಕೆ ಮೊದಲೇ ಒಬ್ಬರಿಂದ ಒಬ್ಬರಿಗೆ ದಾಟುವುದೆಂಬುದು ಆ ವೇಳೆಗೆ ತಿಳಿದಿದ್ದ ಸಂಗತಿ. ತರುಣರು ಗುಂಪುಗೂಡುವರೆಂಬುದೂ ಹೊಸ ಸಂಶೋಧನೆಯೇನಲ್ಲ.

ಮುಂದಿನ ಕ್ರಮವು ಶ್ಲಾಘ್ಯವಾದುದು. ಅದರ ಹಿಂದಿನ ದಿನವಷ್ಟೇ ಉತ್ತರ ಕ್ಯಾರೊಲಿನಾದ ಚಾಪೆಲ್ ಹಿಲ್ ವಿಶ್ವವಿದ್ಯಾನಿಲಯವು ಇದೇ ಸಂಕಟದಲ್ಲಿ ಸಿಲುಕಿ ತನ್ನ ಪಾಠಗಳನ್ನು ದೂರಬೋಧನೆಗೆ ಬದಲಾಯಿಸಿತ್ತು. ನೋಟರ್ ಡೇಮ್ ಹಟ ಹಿಡಿದು ಮುಂದುವರಿಯಲಿಲ್ಲ. ಗಾಬರಿಯಿಂದ ಎಲ್ಲರನ್ನೂ ಮನೆಗೆ ಅಟ್ಟಲೂ ಇಲ್ಲ. ಅಟ್ಟಿದ್ದರೆ ಸೋಂಕು ಊರೂರಿನ ತಂದೆತಾಯಿಗಳ ಮನೆಗೆ ಹೋಗುತ್ತಿತ್ತು. ಎರಡು ವಾರ ಮುಖಾಮುಖಿ ಪಾಠವನ್ನು ನಿಲ್ಲಿಸಿ, ಆವರಣದ ವಿದ್ಯಾರ್ಥಿಗಳನ್ನು ಅಲ್ಲಿಯೇ ಇರಿಸಿಕೊಂಡು, ಪರೀಕ್ಷೆಗಳನ್ನು ಹೆಚ್ಚಿಸಿ, ಸೆಪ್ಟೆಂಬರ್ ತಾ. 2ರಿಂದ ಹಂತಹಂತವಾಗಿ ಮತ್ತೆ ತರಗತಿಗಳನ್ನು ನಡೆಸಿದರು. ತೆರೆದ ಎಂಟೇ ದಿನಗಳಲ್ಲಿ ಲೋಕದೆದುರಿಗೆ ಪಾಠ ನಿಲ್ಲಿಸಿದುದನ್ನು ನಾವು ತೆರೆದುದಕ್ಕಿಂತಲೂ ದೊಡ್ಡ ಧೈರ್ಯವೆಂದು ಎಣಿಸುತ್ತೇವೆ.

ಹೀಗೆ ಗಳಿಸಿದ ಮರ್ಯಾದೆಗೆ ಕುಂದು ಬಂದದ್ದು ಸೆಪ್ಟೆಂಬರ್ ತಾ. 26ರಂದು. ಆ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರ ಶಾಲೆಯಲ್ಲಿ ಓದಿ ಅಲ್ಲಿಯೇ ಬೋಧಿಸಿದ ಏಮಿ ಕೋನಿ ಬ್ಯಾರೆಟ್ ಅವರನ್ನು ಸುಪ್ರೀಂ ಕೋರ್ಟಿಗೆ ಹೆಸರಿಸಿದ ವೈಟ್ ಹೌಸಿನ ಸಮಾರಂಭಕ್ಕೆ ಹೋಗಿದ್ದ ಅಧ್ಯಕ್ಷರು ಮುಖವಸ್ತ್ರ ಧರಿಸದೆ ಕುಳಿತರು, ಹಸ್ತಲಾಘವವನ್ನೂ ಮಾಡಿದರು. ಅಕ್ಟೋಬರ್ ತಾ. 2ರಂದು ಅವರಿಗೇ ಸೋಂಕು ತಗುಲಿದ ವಾರ್ತೆ ಬಂದಿತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ನಮ್ಮ ಗಾದೆಯು ಅಮೆರಿಕಾಕ್ಕೂ ಹಡಗು ಹತ್ತಿ ಹೋಗಿರುವಂತೆ ಕಾಣುತ್ತದೆ. ಅವರು ಸಾರ್ವಜನಿಕವಾಗಿ ವಿಷಾದವನ್ನು ಸೂಚಿಸಿದರೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಔಷಧವಿನ್ನೂ ಕೈಗೆ ಬಾರದಿದ್ದ ಆ ತಿಂಗಳುಗಳಲ್ಲಿ ಆವರಣವನ್ನು ಕಾಯುತ್ತಿದ್ದುದು ನಿಯಮಗಳ ಮೇಲಿನ ವಿಶ್ವಾಸವೊಂದೇ.

ನವೆಂಬರ್ ತಾ. 7ರಂದು ಕ್ಲೆಮ್ಸನ್ ತಂಡವನ್ನು ಕಾಲ್ಚೆಂಡಿನ ಪಂದ್ಯದಲ್ಲಿ ಗೆದ್ದ ಹರ್ಷದಲ್ಲಿ ವಿದ್ಯಾರ್ಥಿಗಳು ಸಾವಿರಗಟ್ಟಲೆಯಾಗಿ ಮೈದಾನಕ್ಕೆ ನುಗ್ಗಿದರು. ಊರಿಗೆ ಹೊರಡುವ ಮುನ್ನ ಪ್ರತಿಯೊಬ್ಬನೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ತಪ್ಪಿಸಿಕೊಂಡವನಿಗೆ ಮುಂದಿನ ಅವಧಿಯ ನೋಂದಣಿಗೆ ತಡೆಯುಂಟು ಎಂದು ಅಧಿಕಾರಿಗಳು ಆಜ್ಞೆ ಹೊರಡಿಸಿದರು. ಆಜ್ಞೆಯು ಸರಿಯಾದುದೇ. ಆದರೆ ಅದನ್ನು ಓದಿದ ಹುಡುಗನಿಗೆ ಸೆಪ್ಟೆಂಬರಿನ ಸಮಾರಂಭದ ಚಿತ್ರವು ನೆನಪಿಗೆ ಬಾರದಿರಲು ಸಾಧ್ಯವೇ?

ಇನ್ನೊಂದು ಜಾಡ್ಯವು ಬಂದಾಗ, ಅಲ್ಲಿಯಾಗಲಿ ಬೇರೆಲ್ಲಿಯಾಗಲಿ, ವಿದ್ಯಾಲಯವನ್ನು ತೆರೆಯುವ ನಿರ್ಣಯವನ್ನು ಮಾಡುವ ಸಮಿತಿಯಲ್ಲಿ ವೈದ್ಯರು ಮತ್ತು ಪ್ರಾಧ್ಯಾಪಕರೊಡನೆ ಅಡಿಗೆಯವರಿಗೂ ಜಾಡಮಾಲಿಗಳಿಗೂ ಒಂದೊಂದು ಸ್ಥಾನವಿರಬೇಕೆಂದೂ, ವಾರವಾರದ ಪರೀಕ್ಷೆಯು ಮೊದಲ ಪಾಠದ ದಿನದಿಂದಲೇ ಅಧ್ಯಕ್ಷರಿಂದ ಆರಂಭವಾಗಬೇಕೆಂದೂ ನಾವು ಸೂಚಿಸುತ್ತೇವೆ.