ಸಂಪಾದಕರ ಮಾತು: ಮಾಧ್ಯಮದ ಜಗಳದಲ್ಲಿ ಮರೆತ ಮೇಷ್ಟ್ರು

ಹೈದರಾಬಾದಿನ ಈಶಾನ್ಯ ಅಂಚಿನ ಕುಷಾಯಿಗೂಡ, ಇಸಿಐಎಲ್ ಎಂಬ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಊರು. ಕೈಗಾರಿಕಾ ಪ್ರದೇಶ, ಸುತ್ತಲೂ ಏಳುತ್ತಲೇ ಇರುವ ಅಪಾರ್ಟ್‌ಮೆಂಟುಗಳು. ಈ ಮಹಾನಗರಕ್ಕೆ ಕೂಲಿ ಅರಸಿ ಬರುವವರಲ್ಲಿ ಒಡಿಶಾ, ಬಿಹಾರದವರಿದ್ದಾರೆ. ನಮ್ಮ ರಾಯಚೂರು, ಯಾದಗಿರಿ ಕಡೆಯವರೂ ಇದ್ದಾರೆ. ಅವರ ಮಕ್ಕಳು ಮನೆಯಲ್ಲಿ ಒಂದು ಮಾತಾಡಿ, ಬೀದಿಯಲ್ಲಿ ತೆಲುಗು, ಹಿಂದಿ ರೂಢಿಸಿಕೊಂಡು, ಶಾಲೆಯಲ್ಲಿ ಇಂಗ್ಲಿಷ್ ಪುಸ್ತಕ ಬಿಡಿಸುತ್ತಾರೆ.

ತೆಲಂಗಾಣ ಸರ್ಕಾರ 2022-23ರಲ್ಲಿ ತನ್ನ ಶಾಲೆಗಳಲ್ಲಿ ಒಂದರಿಂದ ಎಂಟನೇ ತರಗತಿವರೆಗೆ ಇಂಗ್ಲಿಷ್ ಮಾಧ್ಯಮ ತಂದಿತು. ಜೊತೆಗೆ ದ್ವಿಭಾಷಾ ಪಠ್ಯಪುಸ್ತಕವನ್ನೂ ಕೊಟ್ಟಿತು: ಒಂದು ಪುಟ ಇಂಗ್ಲಿಷ್, ಎದುರು ಪುಟದಲ್ಲಿ ಅದೇ ಪಾಠ ತೆಲುಗಿನಲ್ಲಿ. ಯೋಚನೆ ಒಳ್ಳೆಯದೇ. ತೆಲುಗು ಮನೆಮಾತಿನ ಮಗು ಈ ಪುಟದಲ್ಲಿ ಎಡವಿದರೆ ಆ ಪುಟ ಕೈಹಿಡಿಯುತ್ತದೆ. ಯಾದಗಿರಿಯಿಂದ ಬಂದ ಹುಡುಗಿಗೆ ಮಾತ್ರ ಎರಡು ಪುಟವೂ ಹೊಸವು. ಅವಳ ಪಾಲಿಗೆ ಮೂರನೆಯ ಪುಟ ಮೇಷ್ಟ್ರೇ ಆಗಬೇಕು.

ನಮ್ಮ ಚರ್ಚೆಯಲ್ಲಿ ಆ ಮೇಷ್ಟ್ರೇ ಕಾಣುವುದಿಲ್ಲ. ಕರ್ನಾಟಕದ 1994ರ ಭಾಷಾ ಆದೇಶದ ಮೇಲೆ ಇಪ್ಪತ್ತು ವರ್ಷ ವ್ಯಾಜ್ಯ ನಡೆದು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾತೃಭಾಷೆಯನ್ನು ಮಾಧ್ಯಮವಾಗಿ ಹೇರುವಂತಿಲ್ಲ ಎಂದಿತು. 2019-20ರಲ್ಲಿ ರಾಜ್ಯ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಹೊರಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿರಲಿ ಎಂದಿತು. ಕನ್ನಡವೋ ಇಂಗ್ಲಿಷೋ ಎಂದು ಇಷ್ಟೆಲ್ಲ ಕಾದಾಡಿದ ನಾವು, ಇಂಗ್ಲಿಷ್ ಬಾರದ ಮಗುವಿಗೆ ಇಂಗ್ಲಿಷಿನಲ್ಲಿ ಭಾಗಾಕಾರ ಹೇಳಿಕೊಡುವುದು ಹೇಗೆಂದು ಮೇಷ್ಟ್ರಿಗೆ ಕಲಿಸಿದವರು ಯಾರು ಎಂದು ಕೇಳಲೇ ಇಲ್ಲ.

ಅಮೆರಿಕದಲ್ಲಿ ಇಂಗ್ಲಿಷ್ ಬಾರದ ಮಗುವಿಗೆ ಕಲಿಸುವ ಪ್ರಶ್ನೆ ಕೋರ್ಟಿನವರೆಗೂ ಹೋಯಿತು. ಸ್ಯಾನ್‌ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1974ರಲ್ಲಿ, ಎಲ್ಲರಿಗೂ ಅದೇ ಪುಸ್ತಕ, ಅದೇ ಮೇಷ್ಟ್ರನ್ನು ಕೊಟ್ಟ ಮಾತ್ರಕ್ಕೆ ಸಮಾನತೆ ಆಗದು ಎಂದಿತು.

ಇಂಗ್ಲಿಷ್ ಕಲಿಸುವುದನ್ನು ಹೇಳಿಕೊಡುವ ಸಂಸ್ಥೆಗಳಿಗೆ ನಮ್ಮಲ್ಲಿ ಬರವಿಲ್ಲ. ಇಂದು ಇಫ್ಲು ವಿಶ್ವವಿದ್ಯಾಲಯವಾಗಿರುವ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ 1958ರಲ್ಲಿ ಇದೇ ಹೈದರಾಬಾದಿನಲ್ಲಿ ಹುಟ್ಟಿತು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರದು. ಭಾಷಾಬೋಧನೆಯ ತಜ್ಞ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣದ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ 'ಬೆಂಗಳೂರು ಪ್ರಾಜೆಕ್ಟ್' ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲೆಲ್ಲ ಇದೆ. ಅವರ ತರಗತಿಯಲ್ಲಿ ವ್ಯಾಕರಣ ಪಾಠವಿರಲಿಲ್ಲ. ರೈಲಿನ ವೇಳಾಪಟ್ಟಿಯೋ ಊರಿನ ನಕ್ಷೆಯೋ ಮುಂದಿರುತ್ತಿತ್ತು. ಯಾವ ಗಾಡಿ ಮೊದಲು ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮೇಷ್ಟ್ರು ಮಕ್ಕಳೊಡನೆ ಬಾಯಲ್ಲೇ ಲೆಕ್ಕ ಬಿಡಿಸುವರು. ಅಂಥದ್ದೇ ಇನ್ನೊಂದನ್ನು ಮಗು ತಾನೇ ಬಿಡಿಸಬೇಕು. ಉತ್ತರ ಒಂದೇ ಪದವಾದರೂ ಸರಿ. ಗಮನವೆಲ್ಲ ಲೆಕ್ಕದ ಮೇಲಿರುವಾಗ ಇಂಗ್ಲಿಷ್ ತಾನಾಗಿ ಕಿವಿಗೆ ಬೀಳುತ್ತಿತ್ತು.

ಆದರೆ ಆ ಪ್ರಾಜೆಕ್ಟನ್ನು ಪರಿಶೀಲಿಸಿದ ಸಂಶೋಧಕ ಅಲನ್ ಬೆರೆಟ್ಟಾ ಮುಂದೆ ಕಂಡುಕೊಂಡದ್ದೂ ಅಷ್ಟೇ ಮುಖ್ಯ: ಹೊರಗಿನಿಂದ ಬಂದ ತಜ್ಞ ಶಿಕ್ಷಕರಿಗೆ ದಕ್ಕಿದ ಕ್ರಮ ಶಾಲೆಯ ಖಾಯಂ ಮೇಷ್ಟ್ರುಗಳಲ್ಲಿ ಹೆಚ್ಚಿನವರಿಗೆ ಒಗ್ಗಲಿಲ್ಲ. ತಪ್ಪು ಅವರದಲ್ಲ. ಉತ್ತರ ಯಾವ ದಿಕ್ಕಿಗೆ ಹೋಗುತ್ತದೋ ಎಂದು ಗೊತ್ತಿಲ್ಲದ ಮಾತುಕತೆಯನ್ನು ಪರಭಾಷೆಯಲ್ಲಿ ನಡೆಸಲು ತಯಾರಿ ಬೇಕು, ವರ್ಷಗಟ್ಟಲೆ ಬೆನ್ನಿಗೆ ನಿಲ್ಲುವವರು ಬೇಕು.

ನಮ್ಮ ತರಬೇತಿ ಶಿಬಿರಗಳು ಸಾಮಾನ್ಯವಾಗಿ ಮೇಷ್ಟ್ರ ಇಂಗ್ಲಿಷ್ ತಿದ್ದಿ ಕಳಿಸುತ್ತವೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) 2014ರಲ್ಲಿ ಬಿ.ಇಡಿ.ಯನ್ನು ಎರಡು ವರ್ಷ ಮಾಡಿದಾಗ, ಎಲ್ಲ ವಿಷಯಗಳೊಳಗಿನ ಭಾಷೆಯ ಬಗ್ಗೆಯೇ ಒಂದು ಪತ್ರಿಕೆ ಸೇರಿತು. ಅದು ಪರೀಕ್ಷೆಗಷ್ಟೇ ಉಳಿಯದೆ ಗಣಿತದ ಪಿರಿಯಡ್ಡಿಗೆ ಇಳಿಯಬೇಕು. ಅದಕ್ಕೆ ಸಾಮಗ್ರಿ ದೂರವಿಲ್ಲ: ಕುಷಾಯಿಗೂಡದ ಮಗ್ಗುಲಲ್ಲೇ ಚೆರ್ಲಪಲ್ಲಿ ರೈಲ್ವೆ ಟರ್ಮಿನಲ್ 2025ರ ಜನವರಿಯಲ್ಲಿ ಉದ್ಘಾಟನೆಯಾಗಿದೆ. ಪ್ರಭು ಅವರ ಪಾಠಕ್ಕೆ ಬೇಕಾದ ವೇಳಾಪಟ್ಟಿ ಅಲ್ಲೇ ಸಿಗುತ್ತದೆ. ಮಗು ಮೊದಲು ಕನ್ನಡದಲ್ಲೋ ಒಡಿಯಾದಲ್ಲೋ ಉತ್ತರಿಸಿದರೆ ಅದನ್ನು ಒಪ್ಪಿ ಮುಂದೆ ನಡೆಸುವ ಧೈರ್ಯ ಮೇಷ್ಟ್ರಿಗೆ ಬರಬೇಕು. ಹಾಗೆ ಮಾಡಿದ್ದಕ್ಕೆ ಇಲಾಖೆ ಅವರನ್ನು ಗದರಬಾರದು.

ಇಂಗ್ಲಿಷ್ ಬೇಕೆನ್ನುವ, ಕೂಲಿ ಮಾಡುವ ತಾಯಿಯನ್ನು ಹಳಿಯುವ ಹಕ್ಕು, ನಮ್ಮ ಮಕ್ಕಳನ್ನು ಇಂಗ್ಲಿಷಿನಲ್ಲೇ ಓದಿಸಿದ ನಮಗಿಲ್ಲ. ಆಕೆ ಕೇಳಿದ್ದು ಮಗಳಿಗೆ ವಿದ್ಯೆ; ಸರ್ಕಾರಗಳು ಕೊಟ್ಟದ್ದು ಶಾಲೆಯ ಬೋರ್ಡಿನ ಮೇಲಿನ ಬದಲಾವಣೆ. ಇನ್ನು ಮುಂದೆ ಎಲ್ಲೇ ಇಂಗ್ಲಿಷ್ ಮಾಧ್ಯಮ ತೆರೆದರೂ, ಅಲ್ಲಿ ಕಲಿಸುವವರನ್ನು ಅದಕ್ಕೆ ಮೊದಲು ಎಷ್ಟು ದಿನ, ಯಾರು, ಹೇಗೆ ತಯಾರು ಮಾಡಿದರು ಎಂದು ಕನ್ನಡದ ಪರ ನಿಂತವರೂ ಇಂಗ್ಲಿಷಿನ ಪರ ನಿಂತವರೂ ಒಟ್ಟಿಗೆ ಕೇಳಬೇಕಾಗಿದೆ.